ಟಿವಿ, ಎಸಿ, ಬೈಕು: ಕಂತಿನಲ್ಲಿ ತಗೊಳ್ಳೋದಾ, ಕೂಡಿಟ್ಟು ತಗೊಳ್ಳೋದಾ? ಶಿರಸಿ–ಕಾರವಾರ ಕಡೆಯವರು ಲೆಕ್ಕ ಹೇಳಿ

ಬನವಾಸಿ ರಸ್ತೆ:
ಚೌತಿ ಹತ್ತಿರ ಬಂತು. ಶಿರಸಿ ಪೇಟೆಯಲ್ಲಿ ಎತ್ತ ನೋಡಿದರೂ ‘ಬಡ್ಡಿ ಇಲ್ಲದ ಕಂತು’ ಬೋರ್ಡು. ಒಂದು 55 ಇಂಚಿನ ಟಿವಿಗೆ ಬೋರ್ಡಿನ ಬೆಲೆ 48,000. ತಿಂಗಳಿಗೆ 4,000ದಂತೆ 12 ಕಂತು, ಅದರಲ್ಲಿ ಎರಡು ಕಂತು ತಗೊಳ್ಳುವ ದಿನವೇ ಕಟ್ಟಬೇಕು, ಮೇಲಿಂದ ಫೈಲ್ ಚಾರ್ಜ್ 999 ಮತ್ತು ಅದಕ್ಕೆ ಜಿಎಸ್‌ಟಿ. ಅದೇ ಟಿವಿ ಪೂರ್ತಿ ದುಡ್ಡು ಒಮ್ಮೆಗೇ ಕೊಟ್ಟರೆ 45,500ಕ್ಕೆ ಬಿಡ್ತಾರೆ.

ಟಿವಿ ಇಲ್ಲದಿದ್ದರೆ ಮನೆಯ ಒಲೆಯೇನೂ ಆರೋದಿಲ್ಲ, ಕಾಯ್ಲಿಕ್ಕೆ ಅಡ್ಡಿ ಇಲ್ಲ. ಪ್ರಶ್ನೆ ಎರಡು. ಬಡ್ಡಿಯೇ ಇಲ್ಲ ಅಂದಮೇಲೆ ಕಾದರೆ ನಿಜವಾಗಿ ಎಷ್ಟು ಉಳೀತದೆ? ಕೂಡಿಡೋದಾದರೆ ಎಲ್ಲಿ: ಆರ್‌ಡಿಯಾ (ತಿಂಗಳಿಗಿಷ್ಟು ಅಂತ ಕಟ್ಟುವ ಠೇವಣಿ), ಪಿಗ್ಮಿಯಾ (ದಿನಾ ಏಜೆಂಟರ ಕೈಗೆ ಕೊಡುವ ಉಳಿತಾಯ), ಸೊಸೈಟಿಯಾ, ಚೀಟಿಯಾ? ಸಂಬಳದವರು, ತೋಟದವರು, ದೋಣಿಯವರು ಎಲ್ಲರೂ ಹೇಳಿ. ದುಡ್ಡು ಬರುವ ರೀತಿ ಬೇರೆ, ಕೂಡಿಡುವ ರೀತಿಯೂ ಬೇರೆಯೇ ಇರಬೇಕು ಅಂತ ಕಾಣ್ತದೆ.

ಲೆಕ್ಕದ ಪುಸ್ತಕ:
ಇಂಥ ಲೆಕ್ಕದಲ್ಲಿ 48,000 ಅನ್ನೋ ಅಂಕಿಯನ್ನು ಮೊದಲು ಪಕ್ಕಕ್ಕಿಡಿ. ಟಿವಿಯ ಬೆಲೆ 45,500. ಅಂಗಡಿಯವರೇ ಅಷ್ಟಕ್ಕೆ ಬಿಡ್ತೇವೆ ಅಂದಮೇಲೆ ಅದೇ ಬೆಲೆ.

ಕಂತಿನಲ್ಲಿ ತಗೊಂಡರೆ ಮೊದಲ ದಿನ 8,000 ಮತ್ತು ಫೈಲ್ ಚಾರ್ಜ್ ಜಿಎಸ್‌ಟಿ ಸೇರಿ 1,179, ಒಟ್ಟು 9,179 ಕೈಬಿಡ್ತದೆ. 45,500ರಲ್ಲಿ ಅದನ್ನು ಕಳೆದರೆ ಉಳಿಯೋದು 36,321. ನೀವು ನಿಜವಾಗಿ ಸಾಲ ಮಾಡಿದ್ದು ಇಷ್ಟೇ. ತೀರಿಸೋದು 4,000ದಂತೆ 10 ತಿಂಗಳು, 40,000. ಹತ್ತು ತಿಂಗಳಿಗೆ 3,679 ಹೆಚ್ಚು. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 21.5ರ ಆಸುಪಾಸು ಬಡ್ಡಿ ಬೀಳ್ತದೆ. ಬೋರ್ಡಿನ ಮೇಲೆ ‘ಬಡ್ಡಿ ಇಲ್ಲ’.

ಈಗ ಕೂಡಿಡುವ ಕಡೆ. ಅದೇ 4,000ವನ್ನು ಬ್ಯಾಂಕಿನ ಆರ್‌ಡಿಗೆ ಹಾಕಿ. ಬಡ್ಡಿ ಶೇ. 6.5 ಹಿಡಿದರೆ 11 ತಿಂಗಳಿಗೆ ಕಟ್ಟಿದ್ದು 44,000, ಬಡ್ಡಿ ಸುಮಾರು 1,430, ಒಟ್ಟು 45,430. ಮೇಲಿಂದ 70 ರೂಪಾಯಿ ಸೇರಿಸಿದರೆ ಟಿವಿ ನಿಮ್ಮದು. ಅಲ್ಲಿ 12 ಕಂತು ಮತ್ತು ಫೈಲ್ ಚಾರ್ಜು, ಇಲ್ಲಿ 11 ಕಂತು. ಕೈಯಿಂದ ಹೋಗುವ ದುಡ್ಡಿನಲ್ಲಿ 5,100ರಷ್ಟು ಫರಕು.

ಕೋಡಿಬಾಗ:
ಐದು ಸಾವಿರ ಅಂದ್ರೆ ಟಿವಿಗೆ ಸ್ಟ್ಯಾಬಿಲೈಸರ್, ಗೋಡೆ ಸ್ಟ್ಯಾಂಡು, ಒಳ್ಳೆ ಸರ್ಜ್ ಪ್ಲಗ್ಗು ಎಲ್ಲ ಬಂತು.

ಘಟ್ಟದ ಮೇಲೆ:
ಆದರೆ ಬಡ್ಡಿ ಇಲ್ಲ ಅಂತ ಬರೆದು ಬಡ್ಡಿ ತಗೊಳ್ಳೋದಕ್ಕೆ ರಿಸರ್ವ್ ಬ್ಯಾಂಕು ಬಿಡ್ತದಾ? ಎಲ್ಲ ಕಡೆಯೂ ಹೀಗೇ ಅಂತ ಹೇಳೋದು ಸರಿಯಲ್ಲ. ಆನ್‌ಲೈನ್‌ನಲ್ಲಿ ಒಂದೇ ಬೆಲೆ ಇರ್ತದಲ್ಲ, ಅಲ್ಲಿ ನಗದಿಗೂ ಅಷ್ಟೇ, ಕಂತಿಗೂ ಅಷ್ಟೇ.

ಲೆಕ್ಕದ ಪುಸ್ತಕ:
@ಘಟ್ಟದ ಮೇಲೆ, ಬಿಟ್ಟಿಲ್ಲ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಹೆಸರಲ್ಲಿ ಅಡಗಿಸಬೇಡಿ ಅಂತ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಹೋಗಿದೆ. ಆಮೇಲೆ ರೂಪ ಬದಲಾಯ್ತು. ಈಗ ಬ್ಯಾಂಕು ಬಡ್ಡಿ ಹಾಕ್ತದೆ, ಆ ಬಡ್ಡಿಯಷ್ಟನ್ನು ಮಾರುವವರು ರಿಯಾಯಿತಿ ಅಂತ ಮೊದಲೇ ಇಳಿಸ್ತಾರೆ.

ಕ್ರೆಡಿಟ್ ಕಾರ್ಡಿನಲ್ಲಿ 48,000ದ ವಸ್ತು, 12 ಕಂತು, ಬ್ಯಾಂಕಿನ ದರ ಶೇ. 15 ಅಂತಿಟ್ಟುಕೊಳ್ಳಿ. ರಿಯಾಯಿತಿ 3,683 ಕಳೆದು ಸಾಲ 44,317 ಆಗ್ತದೆ. ಬಡ್ಡಿ ಸೇರಿ ಮತ್ತೆ 48,000. ಅಲ್ಲಿಗೆ ಸರಿಹೋಯ್ತು ಅನ್ನಿಸ್ತದೆ. ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ, ಅದು ಸುಮಾರು 663. ಪ್ರೊಸೆಸಿಂಗ್ ಫೀ 199 ಇದ್ದರೆ ಜಿಎಸ್‌ಟಿ ಸೇರಿ 235. ಒಟ್ಟು 898 ಹೆಚ್ಚು. ಇದು ನಿಮ್ಮ ಹೇಳಿಕೆಯ ಪ್ರಕಾರವೇ ಒಂದೇ ಬೆಲೆ ಇದ್ದಾಗ. ಹಾಗಾಗಿ ಆನ್‌ಲೈನ್ ಕಂತು ಅಂಗಡಿಯ ಕಂತಿಗಿಂತ ಅಗ್ಗ ಅನ್ನೋದು ನಿಜ, ಪುಕ್ಕಟೆ ಅನ್ನೋದು ನಿಜವಲ್ಲ.

ಅಘನಾಶಿನಿ ದಂಡೆ:
ಕಾರ್ಡಿನ ಮಾತು ಬಂತಲ್ಲ, ಕಂತು ಮಾಡಿಸದೆ ಸುಮ್ಮನೆ ಕಾರ್ಡು ಉಜ್ಜಿ ‘ಕನಿಷ್ಠ ಮೊತ್ತ’ ಕಟ್ಟುವವರ ಗತಿ ಇನ್ನೂ ಕೆಟ್ಟದ್ದು. 48,000 ಬಿಲ್ಲಿಗೆ ಕನಿಷ್ಠ ಶೇ. 5 ಅಂದರೆ 2,400. ಉಳಿದ 45,600ಕ್ಕೆ ತಿಂಗಳಿಗೆ ಶೇ. 3.5 ಹಿಡಿದರೆ 1,596, ಅದಕ್ಕೆ ಜಿಎಸ್‌ಟಿ 287. ಕಟ್ಟಿದ 2,400ರಲ್ಲಿ ಸಾಲ ಇಳಿದದ್ದು ಐನೂರು ಚಿಲ್ಲರೆ ಅಷ್ಟೇ. ಬಾಕಿ ಉಳಿಸಿದ ತಿಂಗಳು ಹೊಸದಾಗಿ ತಗೊಂಡ ಅಕ್ಕಿ–ಬೇಳೆಗೂ ಬಡ್ಡಿರಹಿತ ದಿನಗಳು ಸಿಗೋದಿಲ್ಲ, ತಗೊಂಡ ದಿನದಿಂದಲೇ ಬಡ್ಡಿ.

ಬಿಲ್ಲು ಪೂರ್ತಿ ಕಟ್ಟುವವರಿಗೆ ಕಾರ್ಡಿನಿಂದ ತೊಂದರೆ ಇಲ್ಲ. ಕೂಡಿಟ್ಟ ದುಡ್ಡು ಖಾತೆಯಲ್ಲಿ ಇಟ್ಟುಕೊಂಡು, ಕಾರ್ಡಿನ ರಿಯಾಯಿತಿ ಹಿಡಿದು, ಗಡುವಿನೊಳಗೆ ಪೂರ್ತಿ ತೀರಿಸಿದರೆ ಅದು ಸಾಲವೇ ಅಲ್ಲ.

ಕೆಎ 31:
ನಾನು ಬೈಕಿನ ಲೆಕ್ಕ ಹಾಕ್ತೇನೆ, ಯಾಕಂದ್ರೆ ಅಲ್ಲಿ ಮೋಸ ಹೋಗೋದು ‘ಫ್ಲ್ಯಾಟ್ ರೇಟ್’ ಅನ್ನೋ ಶಬ್ದದಿಂದ.

90,000 ಸಾಲ, ಫ್ಲ್ಯಾಟ್ ಶೇ. 10, 36 ತಿಂಗಳು. ಬಡ್ಡಿ 27,000. ಕಂತು 3,250. ‘ಹತ್ತೇ ಪರ್ಸೆಂಟು’ ಅಂತಾರೆ. ಆದರೆ ಹತ್ತು ಪರ್ಸೆಂಟನ್ನು ಮೂರೂ ವರ್ಷ ಪೂರ್ತಿ 90,000ದ ಮೇಲೇ ಹಾಕಿದ್ದಾರೆ. ನೀವು ಮೊದಲ ತಿಂಗಳಿಂದಲೇ ಅಸಲು ತೀರಿಸ್ತಾ ಬಂದಿರ್ತೀರಿ. ಇಳಿಯುವ ಅಸಲಿಗೆ ಲೆಕ್ಕ ಹಾಕಿದರೆ ಅದು ಶೇ. 18.

ಅದೇ 3,250ನ್ನು ಶೇ. 6.5ರ ಆರ್‌ಡಿಗೆ ಹಾಕಿದರೆ 26ನೇ ತಿಂಗಳಿಗೆ 84,500 ಕಟ್ಟಿ, ಬಡ್ಡಿ 6,000 ಮೀರಿ, 90,000 ದಾಟ್ತದೆ. ಹತ್ತು ಕಂತು, 32,500 ರೂಪಾಯಿ, ಉಳೀತು. ಮೇಲಿಂದ ಆರ್‌ಸಿ ಬುಕ್ಕಿನಲ್ಲಿ ಫೈನಾನ್ಸ್ ಹೆಸರಿಲ್ಲ. ಸಾಲ ತೀರಿದ ಮೇಲೆ ಫೈನಾನ್ಸಿನವರಿಂದ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ತರೋದು, ಫಾರಂ 35 ಕೊಡೋದು, ಆರ್‌ಟಿಒಗೆ ಓಡಾಡಿ ಹೆಸರು ತೆಗೆಸೋದು ಯಾವುದೂ ಇಲ್ಲ. ಎಷ್ಟೋ ಜನ ಸಾಲ ತೀರಿಸಿ ಸುಮ್ಮನಿದ್ದು, ಬೈಕು ಮಾರ್ಲಿಕ್ಕೆ ಹೊರಟಾಗ ಈ ಹೆಸರು ಎದುರಿಗೆ ಬರ್ತದೆ. ಎನ್‌ಒಸಿಗೆ ಅವಧಿ ಇರ್ತದೆ, ಮೀರಿದರೆ ಮತ್ತೆ ಹೊಸದು ತರಬೇಕು.

ದೇವಿಮನೆ ತಿರುವು:
ಭಾವಾ, ಲೆಕ್ಕ ಸರಿ. ಆದರೆ ಬೈಕನ್ನು ಟಿವಿ ಜೊತೆ ಸೇರಿಸಬೇಡಿ. ದಿನಕ್ಕೆ ಎರಡೇ ಬಸ್ಸು ಬರುವ ಊರಿಂದ ಪೇಟೆಗೆ ಕೆಲಸಕ್ಕೆ ಹೋಗುವವನಿಗೆ 26 ತಿಂಗಳು ಕಾಯಿ ಅಂದ್ರೆ ಕೆಲಸವೇ ಹೋಗ್ತದೆ. ದುಡಿಮೆಗೆ ಬೇಕಾದ್ದು ಬೇರೆ, ಹೌಸಿಗೆ ಬೇಕಾದ್ದು ಬೇರೆ.

ಕೆಎ 31:
@ದೇವಿಮನೆ ತಿರುವು, ಅದು ಒಪ್ಪಿದೆ. ದುಡಿಮೆಗೆ ಬೇಕಾದ ಗಾಡಿಗೆ ಸಾಲ ತಪ್ಪಲ್ಲ. ಅಲ್ಲೂ ಒಂದು ಮಧ್ಯದ ದಾರಿ ಇದೆ. ಎಂಟು–ಹತ್ತು ತಿಂಗಳು ಕೂಡಿಟ್ಟು ಮುಂಗಡ ಜಾಸ್ತಿ ಕೊಟ್ಟು, ಉಳಿದದ್ದಕ್ಕೆ 12 ತಿಂಗಳ ಸಾಲ. ನಾನು ಹೇಳಿದ್ದು 350 ಸಿಸಿ ಬೈಕನ್ನು ಭಾನುವಾರ ಯಾಣಕ್ಕೋ ಜೋಗಕ್ಕೋ ಓಡಿಸ್ಲಿಕ್ಕೆ ಅಂತ ತಗೊಳ್ಳುವವರಿಗೆ.

ಗೇರುಸೊಪ್ಪೆ:
ಎಲ್ಲರೂ ಬ್ಯಾಂಕ್ ಆರ್‌ಡಿ ಅಂತೀರಿ. ಪೋಸ್ಟಾಫೀಸು ಆರ್‌ಡಿಗೆ ಬಡ್ಡಿ ಜಾಸ್ತಿ, ಸರ್ಕಾರದ ಗ್ಯಾರಂಟಿ, ತಿಂಗಳಿಗೆ 100 ರೂಪಾಯಿಯಿಂದಲೂ ಶುರು. ಅದೇ ಒಳ್ಳೇದಲ್ವಾ?

ಅಂಚೆ ಪೆಟ್ಟಿಗೆ:
@ಗೇರುಸೊಪ್ಪೆ, ಒಳ್ಳೇದೇ, ಆದರೆ ಟಿವಿಗಲ್ಲ. ಪೋಸ್ಟಾಫೀಸಿನ ಆರ್‌ಡಿ 5 ವರ್ಷದ್ದು, 60 ಕಂತು. ಮೂರು ವರ್ಷದೊಳಗೆ ಮುರೀಲಿಕ್ಕೇ ಆಗೋದಿಲ್ಲ. ಮೂರು ವರ್ಷ ಆದಮೇಲೆ ಮುರಿದರೂ ಉಳಿತಾಯ ಖಾತೆಯ ಶೇ. 4 ಬಡ್ಡಿಯಷ್ಟೇ. 12 ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗ್ತದೆ. ಆದರೆ ಸಾಲ ಬೇಡ ಅಂತಲೇ ಅಲ್ವಾ ಈ ಕೂಡಿಡೋದು?

ಶೇ. 6.7ರ ದರದಲ್ಲಿ ತಿಂಗಳಿಗೆ 1,000ದಂತೆ 60 ತಿಂಗಳು ಕಟ್ಟಿದರೆ 71,366 ಬರ್ತದೆ. ಐದು ವರ್ಷದ ಮೇಲಿನ ದೊಡ್ಡ ಆಸೆಗೆ, ಅಂದರೆ ಮನೆಯವರೆಲ್ಲ ಸೇರಿ ಕಾಶಿಗೆ ಹೋಗೋದಕ್ಕೋ, ಕಾರಿನ ಮುಂಗಡಕ್ಕೋ ಇದು ಸರಿ. ಖಾತೆಯನ್ನು ತಿಂಗಳ 15ರೊಳಗೆ ತೆರೆದಿದ್ದರೆ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು, 16ಕ್ಕೆ ಅಥವಾ ಆಮೇಲೆ ತೆರೆದಿದ್ದರೆ ತಿಂಗಳ ಕೊನೆಯ ಕೆಲಸದ ದಿನದೊಳಗೆ. ತಪ್ಪಿದರೆ 100ಕ್ಕೆ 1 ರೂಪಾಯಿ ದಂಡ. ಸಾಲಾಗಿ ನಾಲ್ಕು ಕಂತು ತಪ್ಪಿದರೆ ಖಾತೆ ನಿಲ್ತದೆ, ಎರಡು ತಿಂಗಳೊಳಗೆ ಮತ್ತೆ ಜೀವ ಕೊಡಬೇಕು. ಒಮ್ಮೆಗೇ ಆರು ಅಥವಾ ಹನ್ನೆರಡು ಕಂತು ಮುಂಗಡ ಕಟ್ಟಿದರೆ ಸ್ವಲ್ಪ ರಿಯಾಯಿತಿಯೂ ಉಂಟು. ಅಡಿಕೆ ದುಡ್ಡಿನವರಿಗೆ ಈ ಮುಂಗಡದ ದಾರಿ ಹೇಳಿಮಾಡಿಸಿದ್ದು.

ಗೇರುಸೊಪ್ಪೆ:
ಐದು ವರ್ಷ ಅನ್ನೋದು ಗೊತ್ತಿತ್ತು, ಮೂರು ವರ್ಷದೊಳಗೆ ಬಿಡೋದಿಲ್ಲ ಅನ್ನೋದು ಗೊತ್ತಿರಲಿಲ್ಲ. ಸರಿ.

ಚಾಲಿ ಚೀಲ:
ತೋಟದವರಿಗೆ ಆರ್‌ಡಿ ಹೊಂದೋದೇ ಇಲ್ಲ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ನವೆಂಬರ್‌ನಿಂದ, ಚಾಲಿ ಅಂದರೆ ಒಣ ಅಡಿಕೆಯಾದರೆ 40–45 ದಿನ ಒಣಗಬೇಕು, ಸುಲಿಯಬೇಕು, ಆಮೇಲೆ ಟೆಂಡರಿಗೆ ಹಾಕಬೇಕು. ದುಡ್ಡು ಕಾಣೋದು ಫೆಬ್ರುವರಿಯಿಂದ ಮೇ ಒಳಗೆ. ಆಗ ಕೈ ತುಂಬಿದ ಹಾಗೆ ಕಾಣ್ತದೆ. ಅಂಗಡಿಯವರಿಗೂ ಅದು ಗೊತ್ತು, ಏಪ್ರಿಲ್‌ನಲ್ಲೇ ಆಫರು ಇಡ್ತಾರೆ.

ಆ ದುಡ್ಡು ಹನ್ನೆರಡು ತಿಂಗಳದ್ದು. ಮೊದಲು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದಿನ ಖರ್ಚು ತೆಗೆದಿಡಿ. ಆ ಮದ್ದು ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ, ಮಳೆ ಜೋರಾದರೆ ಮೂರನೇ ಸಲವೂ. ಮದ್ದು ಹೊಡೆಯುವವರ ಕೂಲಿ, ಮುಂದಿನ ವರ್ಷ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರ ಕೂಲಿ, ಗೊಬ್ಬರ, ಮಕ್ಕಳ ಫೀ ಎಲ್ಲ ಕಳೆದು ಉಳಿದದ್ದರಲ್ಲಿ ಟಿವಿ. ಈ ಉಳಿದದ್ದನ್ನು ಒಂದೇ ಎಫ್‌ಡಿ ಮಾಡಬೇಡಿ. 40,000 ಇದ್ದರೆ 10,000ದ ನಾಲ್ಕು ರಸೀದಿ ಮಾಡಿಸಿ. ನಡುವೆ ಆಸ್ಪತ್ರೆಗೋ ಪಂಪಿಗೋ ಬೇಕಾದರೆ ಒಂದನ್ನು ಮುರಿದರೆ ಸಾಕು, ಉಳಿದ ಮೂರಕ್ಕೆ ಪೂರ್ತಿ ಬಡ್ಡಿ. ಅವಧಿಗೆ ಮೊದಲು ಮುರಿದರೆ ಅರ್ಧದಿಂದ ಒಂದು ಪರ್ಸೆಂಟು ಬಡ್ಡಿ ಕಡಿಮೆ ಆಗ್ತದೆ, ಅದು ಒಂದು ರಸೀದಿಗಷ್ಟೇ ತಟ್ಟಲಿ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗೇ ಹೇಳ್ತೇನೆ. ಬೆಳೆಸಾಲಕ್ಕೆ ಬಡ್ಡಿ ಇಲ್ಲ ಅಂತ ಅದರಲ್ಲಿ ಟಿವಿ, ಫ್ರಿಜ್ಜು ತರಬೇಡಿ. ಶೂನ್ಯ ಬಡ್ಡಿಯ ಮಿತಿ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು ನಿಜ. ಆದರೆ ವಾಯ್ದೆಯೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ. ಒಂದು ವರ್ಷ ಕೊಳೆ ಬಂದು ಫಸಲು ಹೋದರೆ ಟಿವಿಯ ದುಡ್ಡು ಬೆಳೆಸಾಲದ ಬಾಕಿಯಾಗಿ ಕೂರ್ತದೆ.

ಹೊನ್ನಾವರ ಅಕ್ಕ:
ಚಾಲಿ ಚೀಲದವರು ಹೇಳಿದ ನಾಲ್ಕು ರಸೀದಿ ಉಪಾಯ ಸಂಬಳದವರಿಗೂ ಬೋನಸ್ ಬಂದಾಗ ಆಗ್ತದೆ.

ಕಡಲ ಬದಿ:
ದೋಣಿಯವರ ಲೆಕ್ಕ ಯಾರೂ ಹೇಳಲಿಲ್ಲ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರೀಕೃತ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ. ಬೈತಖೋಲ, ತದಡಿ, ಕಾಸರಕೋಡ, ಭಟ್ಕಳ ಎಲ್ಲ ಬಂದರಿನಲ್ಲೂ ಮೀನಿನ ದುಡ್ಡಿನ ಪಾಲು ಬರೋದು ನಿಲ್ತದೆ. ಕಂತು ಮಾತ್ರ ನಿಲ್ಲೋದಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಒಂದು ಕಂತು ಬೌನ್ಸ್ ಆದರೆ ಸಾಲ ಕೊಟ್ಟವರೂ ದಂಡ ಹಾಕ್ತಾರೆ, ಖಾತೆ ಇರುವ ಬ್ಯಾಂಕೂ ಹಾಕ್ತದೆ, ಎರಡಕ್ಕೂ ಜಿಎಸ್‌ಟಿ. ಜೂನ್, ಜುಲೈ ಎರಡೂ ತಪ್ಪಿದರೆ ಸಾಲದ ಚರಿತ್ರೆ ದಾಖಲಿಸುವ ಸಿಬಿಲ್‌ನಲ್ಲಿ 60 ದಿನದ ಬಾಕಿ ಅಂತ ಕೂರ್ತದೆ. ಮುಂದೆ ಮನೆಸಾಲಕ್ಕೆ ಹೋದಾಗ ಅದನ್ನೇ ಎತ್ತಿ ತೋರಿಸ್ತಾರೆ.

ಈ ಕಡೆಯವರಿಗೆ ಆಗಸ್ಟ್‌ನಿಂದ ಮೇ ತನಕ ಹತ್ತು ತಿಂಗಳ ಪಿಗ್ಮಿ ಸರಿ. ತಿಂಗಳಿಗೆ 25 ದಿನ ಹಿಡಿದರೆ 250 ದಿನ. ದಿನಕ್ಕೆ 180 ಅಂದರೆ 45,000. ಮೀನು ಮಾರುವ ಹೆಂಗಸರಿಗೆ ದಿನದ ದುಡ್ಡು ದಿನವೇ ಕೈಗೆ ಬರೋದು, ತಿಂಗಳ ಕೊನೆ ಅಂತ ಕಾದರೆ ಅದು ಉಳಿಯೋದಿಲ್ಲ.

ಲೆಕ್ಕದ ಪುಸ್ತಕ:
ಪಿಗ್ಮಿಗೆ ಬಡ್ಡಿ ಬಹಳ ಕಡಿಮೆ, ಆರು ತಿಂಗಳೊಳಗೆ ತೆಗೆದರೆ ಬಡ್ಡಿಯೂ ಇಲ್ಲ, ಮೇಲಿಂದ ಕಮಿಷನ್ ಮುರ್ಕೊಳ್ತಾರೆ. ಆರ್‌ಡಿ ಮುಂದೆ ಅದು ನಿಲ್ಲೋದಿಲ್ಲ.

ಕಡಲ ಬದಿ:
@ಲೆಕ್ಕದ ಪುಸ್ತಕ, ಬಡ್ಡಿ ನೋಡಿ ಪಿಗ್ಮಿ ಹಾಕುವವರು ಯಾರೂ ಇಲ್ಲ. 45,000ಕ್ಕೆ ಹತ್ತು ತಿಂಗಳಲ್ಲಿ ಆರ್‌ಡಿಯಿಂದ ಸಿಗೋದು ಸಾವಿರದ ಮುನ್ನೂರರ ಹತ್ತಿರ. ಪಿಗ್ಮಿಯಿಂದ ಅದರ ಅರ್ಧ ಬಂತು ಅಂತಿಟ್ಟುಕೊಳ್ಳಿ, ಆರುನೂರು ರೂಪಾಯಿ ನಷ್ಟ. ಮನೆಬಾಗಿಲಿಗೆ ಬಂದು ದಿನಾ ತಗೊಂಡು ಹೋಗದಿದ್ದರೆ 45,000 ಕೂಡೋದೇ ಇಲ್ಲ. ಆರುನೂರು ಆ ಕೆಲಸದ ಕೂಲಿ.

ಅಂಚೆ ಪೆಟ್ಟಿಗೆ:
ಪಿಗ್ಮಿ ಹುಟ್ಟಿದ್ದೇ ಇಂಥವರಿಗಾಗಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ್ದು, ಟಿ.ಎಂ.ಎ. ಪೈಯವರ ಕಾಲದಲ್ಲಿ, ದಿನಕ್ಕೆ ಎರಡಾಣೆ. ನೇಕಾರರು, ಸಣ್ಣ ವ್ಯಾಪಾರದವರು ದಿನಾ ದುಡಿದದ್ದನ್ನು ದಿನಾ ಕೊಡಲಿ ಅಂತ. ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯ್ತು, ಪಿಗ್ಮಿ ಅನ್ನೋ ಹೆಸರು ಮಾತ್ರ ಕರಾವಳಿಯ ಎಷ್ಟೋ ಸೊಸೈಟಿಗಳಲ್ಲಿ ಉಳೀತು.

ಹೊನ್ನಾವರ ಅಕ್ಕ:
ಪಿಗ್ಮಿ ಹಾಕುವವರು ಒಂದು ಮಾತ್ರ ತಪ್ಪದೆ ಮಾಡಿ. ಏಜೆಂಟರ ಮಷಿನ್ನಿನ ಚೀಟಿ ಅಥವಾ ಮೊಬೈಲಿಗೆ ಬರುವ ಮೆಸೇಜು ಅದೇ ದಿನ ನೋಡಿ, ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಒಟ್ಟು ಮೊತ್ತ ತಾಳೆ ಹಾಕಿ. ‘ಪರಿಚಯದವರು, ನಾಳೆ ಬರೀತಾರೆ’ ಅಂತ ಬಿಟ್ಟರೆ ಲೆಕ್ಕ ತಪ್ಪೋದು ಅಲ್ಲೇ.

ಘಟ್ಟದ ಮೇಲೆ:
ಆರ್‌ಡಿ ಸೊಸೈಟಿಯಲ್ಲಿ ಮಾಡಿದರೆ ಒಂದು–ಒಂದೂವರೆ ಪರ್ಸೆಂಟು ಹೆಚ್ಚು ಸಿಗ್ತದೆ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಕ್ಕೇನು ಕಡಿಮೆ? ಶಿರಸಿಯ ತೋಟಗಾರರ ಮಾರಾಟ ಸಂಘ, ನಮ್ಮ ಟಿಎಸ್‌ಎಸ್, 1923ರದ್ದು, ನೂರು ವರ್ಷ ದಾಟಿತು.

ಅಘನಾಶಿನಿ ದಂಡೆ:
ಹಳೇ ಸಂಘ ಅನ್ನೋದು ಒಂದು ವಿಷಯ, ವಿಮೆ ಅನ್ನೋದು ಬೇರೆ ವಿಷಯ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ) ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷ ಇತ್ತು. ಈ ವಿಮೆ ಕೆಡಿಸಿಸಿಯಂಥ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೂ, ಅರ್ಬನ್ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರಿ ಸಂಘಕ್ಕೆ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಗೆ ಇಲ್ಲ. ಬೋರ್ಡಿನಲ್ಲಿ ‘ಬ್ಯಾಂಕ್’ ಅಂತ ಇದೆಯಾ, ‘ಸಂಘ’ ಅಂತ ಇದೆಯಾ ನೋಡಿ.

ಘಟ್ಟದ ಮೇಲೆ:
ವಿಮೆ ಇಲ್ಲ ಅಂತ ಎಲ್ಲ ಸಂಘವನ್ನೂ ಅನುಮಾನದಿಂದ ನೋಡೋದು ಸರಿಯಲ್ಲ. ಊರವರೇ ಕಟ್ಟಿದ ಸಂಘಗಳು ಅವು, ನಮ್ಮ ಬೆಳೆಸಾಲ ನಡೆಯೋದೇ ಅಲ್ಲಿಂದ.

ಅಘನಾಶಿನಿ ದಂಡೆ:
ಅನುಮಾನ ಅಲ್ಲ, ನೋಡಿ ಇಡಿ ಅಂತ ಅಷ್ಟೇ. ಸದಸ್ಯರಾಗಿದ್ದರೆ ವಾರ್ಷಿಕ ವರದಿ ಕೈಗೆ ಬರ್ತದೆ. ಅದರಲ್ಲಿ ಆಡಿಟ್ ವರ್ಗ ಎ, ಬಿ, ಸಿ, ಡಿಯಲ್ಲಿ ಯಾವುದು, ಸುಸ್ತಿ ಸಾಲ ಹೋದ ವರ್ಷಕ್ಕಿಂತ ಏರಿದೆಯಾ ಇಳಿದಿದೆಯಾ, ಠೇವಣಿಗಿಂತ ಸಾಲವೇ ಹೆಚ್ಚು ಕೊಟ್ಟಿದ್ದಾರಾ, ಮೂರು ಅಂಕಿ ನೋಡ್ಲಿಕ್ಕೆ ಐದು ನಿಮಿಷ ಸಾಕು. 45,000ಕ್ಕೆ ಒಂದು ಪರ್ಸೆಂಟು ಅಂದರೆ ಹನ್ನೊಂದು ತಿಂಗಳಲ್ಲಿ ಇನ್ನೂರು ಚಿಲ್ಲರೆ ರೂಪಾಯಿ. ಎ ವರ್ಗ ಇದ್ದರೆ ಇಡಿ, ಇಲ್ಲದಿದ್ದರೆ ಆ ಇನ್ನೂರಕ್ಕಾಗಿ ಬೇಡ.

ಕುಮಟೆ ಕ್ರಾಸ್:
ಚೀಟಿ ಬಗ್ಗೆ ಯಾರಾದರೂ ಹೇಳಿ. 20 ಜನ, ತಿಂಗಳಿಗೆ ತಲಾ 2,500, ಒಟ್ಟು 50,000ದ ಚೀಟಿ.

ಲೆಕ್ಕದ ಪುಸ್ತಕ:
ಚೀಟಿ ಎತ್ತುವ ತಿಂಗಳ ಮೇಲೆ ಎಲ್ಲ ನಿಂತಿದೆ. ಮೂರನೇ ತಿಂಗಳು 15,000 ಬಿಟ್ಟು ಹರಾಜು ಕೂಗಿ ಎತ್ತಿದರೆ ಕೈಗೆ 35,000, ಅದು ಸಾಲ, ಅದೂ ದುಬಾರಿ ಸಾಲ. ಕೊನೆಯ ಎರಡು–ಮೂರು ತಿಂಗಳ ತನಕ ಕೂತರೆ ಉಳಿತಾಯ. ಬಿಟ್ಟ 15,000ದಲ್ಲಿ ನಡೆಸುವವರ ಕಮಿಷನ್ ಶೇ. 5 ಆದರೆ 2,500, ಉಳಿದ 12,500 ಇಪ್ಪತ್ತು ಜನಕ್ಕೆ ಹಂಚಿ ತಲಾ 625. ಹಾಗಾಗಿ ನಿಮ್ಮ ಕಂತು ಆ ತಿಂಗಳು 1,875.

1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿ ಬೇಕೇ ಬೇಕು. 2019ರ ತಿದ್ದುಪಡಿಯಿಂದ ಕಮಿಷನ್ ಗರಿಷ್ಠ ಶೇ. 7. ಬೇಕೇ ಬೇಕು ಅಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಚೀಟಿ ನೋಡಿ. ಓಣಿಯ ಬಾಯಿಮಾತಿನ ಚೀಟಿಯಲ್ಲಿ ಮೊದಲು ಎತ್ತಿದವರು ಕಂತು ನಿಲ್ಲಿಸಿದರೆ ಕೊನೆಯಲ್ಲಿ ಕೂತವರೇ, ಅಂದರೆ ಉಳಿತಾಯಕ್ಕೆ ಅಂತ ಸೇರಿದವರೇ, ಕೈಸುಟ್ಟುಕೊಳ್ಳೋದು.

ಸದಾಶಿವಗಡ:
ಕಾದರೆ ಬೆಲೆ ಏರ್ತದೆ ಅಂತ ಹೆದರಿಸುವವರಿಗೆ ಒಂದು ಅಂಕಿ. 2025ರ ಸೆಪ್ಟೆಂಬರ್ 22ಕ್ಕೆ ಎಸಿಯ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳೀತು. ತೆರಿಗೆ ಸೇರಿ 38,400 ಇದ್ದ ಎಸಿ, ಮೂಲ ಬೆಲೆ ಹಾಗೇ ಇದ್ದರೆ, 35,400. ಆ ಬೇಸಿಗೆಯಲ್ಲಿ ಕಂತು ಹಾಕಿ ತಗೊಂಡವರು 28ರ ಬೆಲೆಗೇ ಕಂತು ಕಟ್ತಾ ಇದ್ದರು, ಕೂಡಿಟ್ಟವರಿಗೆ 3,000 ಉಳೀತು.

ಹೊನ್ನಾವರ ಅಕ್ಕ:
ಎಲ್ಲಕ್ಕೂ ಇಳಿದದ್ದಲ್ಲ. 32 ಇಂಚಿಗಿಂತ ದೊಡ್ಡ ಟಿವಿ, ಎಸಿ, ಪಾತ್ರೆ ತೊಳೆಯುವ ಮಷಿನ್ನು, 350 ಸಿಸಿವರೆಗಿನ ಬೈಕು ಇಳೀತು. ಫ್ರಿಜ್ಜು, ಬಟ್ಟೆ ಮಷಿನ್ನು 2018ರಿಂದಲೇ 18ರಲ್ಲಿ ಇದ್ದವು. ತೆರಿಗೆ ಮತ್ತೆ ಇಳೀತದೆ ಅಂತ ಕಾಯೋದು ಲೆಕ್ಕವಲ್ಲ. ನಂಬಬಹುದಾದ್ದು ಹೊಸ ಮಾಡೆಲ್ಲು ಬಂದಾಗ ಹಳೇದರ ಬೆಲೆ ಇಳಿಯೋದು.

ಸದಾಶಿವಗಡ:
ಅದು ಸರಿ ಅಕ್ಕ.
ಕಾರವಾರ, ಅಂಕೋಲೆ ಕಡೆ ಎಸಿಗೆ ಕೂಡಿಡುವವರು ಡಬ್ಬಿಯ ಬೆಲೆಯಷ್ಟೇ ಗುರಿ ಇಟ್ಟರೆ ಸಾಲೋದಿಲ್ಲ, ಶೇ. 15–20 ಮೇಲೆ ಇಡಿ. ಒಂದೂವರೆ ಟನ್ನಿಗೆ ಬೇರೆ ಲೈನು ಬೇಕು, 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರ್ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು). ಡಬ್ಬಿಯಲ್ಲಿ ಬರುವ ತಾಮ್ರದ ಪೈಪು ಸಾಮಾನ್ಯ 3 ಮೀಟರ್, ಹೊರಗಿನ ಯೂನಿಟ್ಟು ತಾರಸಿಗೆ ಹೋದರೆ ಹೆಚ್ಚಿನ ಮೀಟರಿಗೆಲ್ಲ ಬೇರೆ ದುಡ್ಡು. ಸ್ಟ್ಯಾಂಡು ಬಣ್ಣ ಬಳಿದ ಕಬ್ಬಿಣದ್ದಾದರೆ ಕಡಲ ಗಾಳಿಗೆ ಬೇಗ ತುಕ್ಕು, ಗ್ಯಾಲ್ವನೈಸ್ಡ್ ಕೇಳಿ. ತಾಮ್ರದ ಕಾಯಿಲ್ಲು, ಫಿನ್ನಿಗೆ ಲೇಪನ ಇರುವುದನ್ನೇ ತಗೊಳ್ಳಿ, ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಹೊರಗಿನ ಯೂನಿಟ್ಟಿಗೆ ಸಿಹಿನೀರು ಹೊಯ್ದು ಉಪ್ಪು ತೊಳೀರಿ. ಕಂತಿನ ಮೇಲೆ ತಗೊಂಡವರು ಈ ಮೇಲಿನ ಖರ್ಚಿಗೆ ಮತ್ತೆ ಕಾರ್ಡು ಉಜ್ಜೋದು.

ದೇವಿಮನೆ ತಿರುವು:
ಘಟ್ಟದ ಮೇಲಿನವರಿಗೆ ಉಪ್ಪಲ್ಲ, ಸಿಡಿಲು. ಏಪ್ರಿಲ್–ಮೇಯಲ್ಲೂ ಅಕ್ಟೋಬರ್‌ನಲ್ಲೂ ಗುಡುಗು ಶುರುವಾದ ಕೂಡಲೇ ಪ್ಲಗ್ಗು ಮಾತ್ರ ಅಲ್ಲ, ಡಿಶ್ಶಿನ ಕೇಬಲ್ಲು, ಇಂಟರ್‌ನೆಟ್ಟಿನ ವೈರು ಎಲ್ಲ ಕಳಚಿ. ಸಿಡಿಲಿಗೆ ಸುಟ್ಟರೆ ವಾರಂಟಿ ಇಲ್ಲ, ಟಿವಿ ಸುಟ್ಟರೂ ಕಂತು ಹಾಗೇ ಇರ್ತದೆ.

ಕುಮಟೆ ಕ್ರಾಸ್:
ಬಂಗಾರಕ್ಕೂ ಇದೇ ಲೆಕ್ಕವಾ? ಆರ್‌ಡಿ ಹಾಕಿ ಹನ್ನೊಂದು ತಿಂಗಳಾಗುವಾಗ ಬಂಗಾರದ ರೇಟು ಎಲ್ಲೋ ಹೋಗಿರ್ತದೆ.

ಅಘನಾಶಿನಿ ದಂಡೆ:
ಬಂಗಾರಕ್ಕೆ ಬೇರೆ ಲೆಕ್ಕ, ಆರ್‌ಡಿ ಅಲ್ಲಿ ಸೋಲಬಹುದು. ಅಂಗಡಿಗಳ ‘11 ಕಂತು’ ಸ್ಕೀಮು ಎರಡು ಥರ. ಒಂದರಲ್ಲಿ ನೀವು ಕಟ್ಟಿದ ದಿನದ ರೇಟಿಗೆ ಗ್ರಾಂ ಜಮಾ ಆಗ್ತದೆ, ಇನ್ನೊಂದರಲ್ಲಿ ರೂಪಾಯಿ ಮಾತ್ರ ಜಮಾ ಆಗಿ ಕೊನೆಯ ದಿನದ ರೇಟಿಗೆ ಬಂಗಾರ. ರೇಟು ಏರುವ ಹೆದರಿಕೆ ಇದ್ದರೆ ಗ್ರಾಂ ಜಮಾ ಆಗುವುದೇ ಬೇಕು, ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳು ಗ್ರಾಂ ಬರೆಸಿ.

ಹನ್ನೊಂದೇ ಕಂತು ಯಾಕೆ ಅಂದರೆ, ಕಂಪನಿ ನಿಯಮದಲ್ಲಿ ಸರಕಿನ ಮುಂಗಡವನ್ನು 365 ದಿನದೊಳಗೆ ಸರಕು ಕೊಟ್ಟು ತೀರಿಸಬೇಕು, ಮೀರಿದರೆ ಅದು ಠೇವಣಿ ಆಗ್ತದೆ. ಈ ದುಡ್ಡಿಗೆ ಡಿಐಸಿಜಿಸಿ ವಿಮೆ ಇಲ್ಲ, ಹಾಗಾಗಿ ದೊಡ್ಡ ಮೊತ್ತ ಬೇಡ. ಮಜೂರಿ ಮಾಫಿ ಎಷ್ಟು ಪರ್ಸೆಂಟಿನವರೆಗೆ ಅಂತ ಬರಹದಲ್ಲಿ ತಗೊಳ್ಳಿ. ಸಾದಾ ಬಳೆಗೆ ಅದು ಪೂರ್ತಿ ಸಾಕು, ಕುಸುರಿ ಕೆಲಸದ ಸರಕ್ಕೆ ಮೇಲಿನದ್ದು ನೀವೇ ಕೊಡಬೇಕು. ಜಿಎಸ್‌ಟಿ ಶೇ. 3 ಬೇರೆ. 2023ರ ಏಪ್ರಿಲ್ 1ರಿಂದ ಆರು ಅಕ್ಷರ–ಅಂಕಿಯ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ, ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ, ಬಿಐಎಸ್ ಕೇರ್ ಆ್ಯಪಿನಲ್ಲಿ ಅಂಗಡಿಯಲ್ಲೇ ಹಾಕಿ ನೋಡಿ.

ಕೆಎ 31:
ಸಾಲ ಮಾಡಲೇಬೇಕಾದವರಿಗೆ ಒಂದು ಮಾತು. 2024ರ ಅಕ್ಟೋಬರ್ 1ರಿಂದ, ಕ್ರೆಡಿಟ್ ಕಾರ್ಡಿನ ಬಾಕಿ ಬಿಟ್ಟು, ಜನಸಾಮಾನ್ಯರು ತಗೊಳ್ಳುವ ಎಲ್ಲ ಹೊಸ ಚಿಲ್ಲರೆ ಸಾಲಕ್ಕೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ (ಸಾಲದ ಮುಖ್ಯ ವಿವರದ ಹಾಳೆ) ಕೊಡಲೇಬೇಕು, ಅದೂ ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲೇ ಕೊಡಿ ಅಂತ ಕೇಳಿ. ಅದರಲ್ಲಿ ಎಪಿಆರ್ ಅನ್ನೋ ಸಾಲು ಹುಡುಕಿ. ಫೀ, ವಿಮೆ ಎಲ್ಲ ಸೇರಿ ನಿಜವಾದ ವಾರ್ಷಿಕ ದರ ಅದೇ. ಅದರಲ್ಲಿ ಬರೆಯದ ಚಾರ್ಜನ್ನು ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ. ಕೌಂಟರಿನಲ್ಲಿ ಕೇಳದೇ ಸೇರಿಸುವ ಹೆಚ್ಚುವರಿ ವಾರಂಟಿ, ಕಾರ್ಡ್ ಫೀ, ಸಾಲದ ವಿಮೆ ಮೂರನ್ನೂ ಅಲ್ಲೇ ತೆಗೆಸಿ.

ಬನವಾಸಿ ರಸ್ತೆ:
ಎಲ್ಲರಿಗೂ ಧನ್ಯವಾದ. 4,000ದ ಆರ್‌ಡಿ ಅಂತ ತೀರ್ಮಾನ ಆಯ್ತು. ಕೊನೆಯ ಪ್ರಶ್ನೆ: ನಡುವೆ ಕೈ ಹಾಕದ ಹಾಗೆ ಹೇಗೆ ಇಡೋದು? ಯಾವ ತಾರೀಕಿಗೆ?

ಹೊನ್ನಾವರ ಅಕ್ಕ:
ಸಂಬಳ 1ಕ್ಕೆ ಬಂದರೆ ಆರ್‌ಡಿ 3ಕ್ಕೆ ಕಡಿತವಾಗುವ ಹಾಗೆ ಮಾಡಿ. ಒಂದು ದಿನ ತಡವಾಗಿ ಸಂಬಳ ಬಂದರೂ ಕಂತು ತಪ್ಪೋದಿಲ್ಲ. ತಪ್ಪಿದರೆ ಹೆಚ್ಚಿನ ಬ್ಯಾಂಕಿನಲ್ಲಿ 100ಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಆಸುಪಾಸು ದಂಡ. ಮೊಬೈಲ್ ಆ್ಯಪಿನಲ್ಲೇ ತೆರೆದರೆ ಮುರಿಯೋದೂ ಒಂದೇ ಒತ್ತಿಗೆ ಆಗ್ತದೆ, ಹಾಗಾಗಿ ಶಾಖೆಗೆ ಹೋಗಿ ರಸೀದಿ ಮಾಡಿಸಿ. ಅವಧಿ ಮುಗಿದಾಗ ದುಡ್ಡು ಯುಪಿಐ ಇರುವ ಖಾತೆಗೆ ಬೀಳೋದು ಬೇಡ, ಬೇರೆ ಉಳಿತಾಯ ಖಾತೆಯ ನಂಬರು ಕೊಡಿ.

ಲೆಕ್ಕದ ಪುಸ್ತಕ:
ತಮಾ, ಹನ್ನೊಂದು ಬೇಡ, ಹನ್ನೆರಡು ತಿಂಗಳಿಗೆ ಮಾಡಿಸು. ಬಹಳ ಬ್ಯಾಂಕಿನಲ್ಲಿ ಒಂದು ವರ್ಷದಿಂದ ದರದ ಮೆಟ್ಟಿಲು ಏರ್ತದೆ, ಮೇಲಿನ ಕಂತು ಗೋಡೆ ಸ್ಟ್ಯಾಂಡಿಗೂ ಸರ್ಜ್ ಪ್ಲಗ್ಗಿಗೂ ಆಯ್ತು. ಈ ಚೌತಿಗೆ ಶುರು ಮಾಡಿದರೆ ಮುಂದಿನ ಚೌತಿ ಆಫರಿನ ಹೊತ್ತಿಗೆ ಕೈಯಲ್ಲಿ ಇರ್ತದೆ. ಅಂಗಡಿಗೆ ಹೋದಾಗ ಕಂತಿನ ಮಾತೇ ಎತ್ತಬೇಡ, ಮೊದಲು ನಗದಿನ ಬೆಲೆ ಬರೆಸ್ಕೋ, ಆಮೇಲೆ ಹೋದ ವರ್ಷದ ಮಾಡೆಲ್ಲು ಉಳಿದಿದೆಯಾ ಕೇಳು.

ಬನವಾಸಿ ರಸ್ತೆ:
ಆಯ್ತು ಅಣ್ಣ. ಸೋಮವಾರ ಶಾಖೆಗೆ ಹೋಗಿ ಮಾಡಿಸ್ತೇನೆ.

ಕೋಡಿಬಾಗ:
ಆಧಾರು, ಪ್ಯಾನು ಎರಡೂ ಹಿಡ್ಕೊಂಡು ಹೋಗಿ, ನಾಮಿನಿ ಹೆಸರು ಅವತ್ತೇ ಬರೆಸಿ.